ಹೊಗೆ ಕಡಿಮೆಯಾದ ಬಸ್ಸಿನಲ್ಲಿ ನಾಝಲ್ ಕೆಟ್ಟಿತ್ತು

ಖಾಸಗಿ ಬಸ್ಸುಗಳ ಗ್ಯಾರೇಜಿನಲ್ಲಿ ಎಂಜಿನ್ ಕೆಲಸ ನೋಡಿಕೊಳ್ಳುತ್ತೇನೆ. ಕೆಲವು ವರ್ಷದ ಹಿಂದೆ ನಮ್ಮ ಮಾಲೀಕರು ನಾಲ್ಕು ಹಳೇ ಬಿಎಸ್-3 (ಹೊಗೆ ನಿಯಮದ ಹಳೇ ಹಂತ) ಬಸ್ಸಿಗೆ ಬಿ20 ಹಾಕಿ ನೋಡೋಣ ಅಂದರು. ಅಂದರೆ 100 ಲೀಟರಿನಲ್ಲಿ 20 ಲೀಟರ್ ಬಯೋಡೀಸೆಲ್, ಉಳಿದದ್ದು ಮಾಮೂಲಿ ಡೀಸೆಲ್. ಹೋಟೆಲಿನವರು ಕರಿದು ಬಿಟ್ಟ ಎಣ್ಣೆಯಿಂದ ಮಾಡಿದ ಬಯೋಡೀಸೆಲ್ ಅದು. ಬೆಳಿಗ್ಗೆ ಐದಕ್ಕೆ ಬಸ್ ಸ್ಟಾರ್ಟ್ ಮಾಡಿದರೆ ಗ್ಯಾರೇಜ್ ತುಂಬ ಬೋಂಡ ಕರಿಯುವ ವಾಸನೆ.

ಮೊದಲ ತಿಂಗಳು ಡೀಸೆಲ್ ಫಿಲ್ಟರ್ ಬೇಗ ಬೇಗ ಕಟ್ಟಿಕೊಂಡಿತು. ಬಯೋಡೀಸೆಲ್ ಹಳೇ ಟ್ಯಾಂಕಿನ ಗಸಿಯನ್ನೆಲ್ಲ ಕರಗಿಸಿ ತರುತ್ತದೆ. ಎರಡು ಸಲ ಬದಲಾಯಿಸಿದ ಮೇಲೆ ಸರಿಹೋಯಿತು.

ಹೊಗೆ ಮಾತ್ರ ನಿಜಕ್ಕೂ ಇಳಿಯಿತು. ಎಮಿಷನ್ ಟೆಸ್ಟಿನಲ್ಲಿ ಸೈಲೆನ್ಸರಿಗೆ ಪೈಪ್ ಸಿಕ್ಕಿಸಿ, ನ್ಯೂಟ್ರಲ್‌ನಲ್ಲಿ ಆಕ್ಸಿಲರೇಟರ್ ಪೂರ್ತಿ ಒತ್ತುತ್ತಾರಲ್ವಾ, ಆಗ ಬಿಎಸ್-3 ಗಾಡಿಗೆ 65 ಹಾರ್ಟ್‌ರಿಜ್ ಯೂನಿಟ್ (ಹೊಗೆ ಎಷ್ಟು ದಟ್ಟ ಅನ್ನುವ ಅಳತೆ) ದಾಟಬಾರದು. ಬಿ20 ಹಾಕಿದ ನಾಲ್ಕೂ ಬಸ್ಸು ಆರಾಮಾಗಿ ಪಾಸಾದವು. ಕಾರಣ ಸುಲಭ. ಸಿಲಿಂಡರಿನೊಳಕ್ಕೆ ಇಂಧನ ಚಿಮ್ಮಿಸುವ ತುದಿಯೇ ನಾಝಲ್. ನಾಝಲ್‌ನಿಂದ ಚಿಮ್ಮುವ ಡೀಸೆಲ್‌ನ ನಡುಭಾಗಕ್ಕೆ ಗಾಳಿ ಸಾಲದೆ ಮಸಿ ಹುಟ್ಟುತ್ತದೆ. ಬಯೋಡೀಸೆಲ್‌ನ ತೂಕದಲ್ಲಿ ಸುಮಾರು ಶೇ 11 ಆಮ್ಲಜನಕವೇ ಇರುತ್ತದೆ. ಗಾಳಿ ಮುಟ್ಟದ ಕಡೆಯೂ ಅದು ಉರಿಯಲು ನೆರವಾಗುತ್ತದೆ.

ಅಮೆರಿಕದ ಪರಿಸರ ಸಂಸ್ಥೆ 2002ರಲ್ಲಿ ಹಲವಾರು ಎಂಜಿನ್‌ಗಳ ಲೆಕ್ಕ ಒಟ್ಟು ಹಾಕಿತ್ತು. ಬಿ20ಯಿಂದ ಮಸಿ ಕಣ ಸುಮಾರು ಶೇ 10, ಕಾರ್ಬನ್ ಮೊನಾಕ್ಸೈಡ್ ಶೇ 11, ಸುಡದೆ ಹೊರಬರುವ ಇಂಧನದ ಅಂಶ ಶೇ 21 ಕಡಿಮೆ. ನೈಟ್ರೋಜನ್ ಆಕ್ಸೈಡ್ ಮಾತ್ರ ಶೇ 2ರಷ್ಟು ಜಾಸ್ತಿ. ಇದು ಕಪ್ಪು ಹೊಗೆಯ ಹಾಗೆ ಕಣ್ಣಿಗೆ ಬೀಳುವುದಿಲ್ಲ, ನಮ್ಮ ಸ್ಮೋಕ್ ಮೀಟರಿಗೂ ಸಿಗುವುದಿಲ್ಲ. ಬಸ್ ಸ್ಟ್ಯಾಂಡಿನಲ್ಲಿ ಸೈಲೆನ್ಸರ್ ಹಿಂದೆ ನಿಂತ ಮಕ್ಕಳ ಎದೆಗಂತೂ ಹೋಗುತ್ತದೆ. ನಮ್ಮಂಥ ಹಳೇ ಪಂಪಿನ ಎಂಜಿನ್‌ನಲ್ಲಿ ಇದಕ್ಕೊಂದು ಕಾರಣವಿದೆ. ಬಯೋಡೀಸೆಲ್ ಡೀಸೆಲ್‌ನಷ್ಟು ಅಮುಕಿಕೊಳ್ಳುವುದಿಲ್ಲ. ಪಂಪಿನ ಒತ್ತಡ ನಾಝಲ್‌ಗೆ ಒಂಚೂರು ಬೇಗ ಮುಟ್ಟುತ್ತದೆ. ಇಂಧನ ಚಿಮ್ಮುವ ಟೈಮಿಂಗ್ ಸ್ವಲ್ಪ ಮುಂಚೆಗೇ ಇಟ್ಟ ಹಾಗೆ ಆಗಿ, ಉರಿಯ ಬಿಸಿ ಏರುತ್ತದೆ.

ಇಷ್ಟೆಲ್ಲ ಗೊತ್ತಿದ್ದೂ ನಾನು ಎಡವಿದ್ದು ಬೇರೆ ಕಡೆ.

ಒಂದು ಬಸ್ಸಿನ ಡ್ರೈವರ್ ತಿಂಗಳಿಂದ ಹೇಳುತ್ತಿದ್ದರು, 'ಸಾರ್, ಏರಿನಲ್ಲಿ ಪಿಕಪ್ ಇಲ್ಲ.' ಬಿ20ಯಲ್ಲಿ ಶಕ್ತಿ ಶೇ 1-2ರಷ್ಟು ಕಡಿಮೆ, ಅದಕ್ಕೇ ಹಾಗೆ ಅಂತ ಕಳಿಸಿಬಿಟ್ಟೆ. ಹೊಗೆ ಇರಲಿಲ್ಲವಲ್ಲ! ನಾಝಲ್ ಬಿಚ್ಚುವ ಯೋಚನೆಯೇ ಬರಲಿಲ್ಲ. ಆಮೇಲೆ ಎರಡು ವಾರ ಬಯೋಡೀಸೆಲ್ ಬರಲಿಲ್ಲ, ಬರೀ ಡೀಸೆಲ್‌ನಲ್ಲಿ ಓಡಿಸಿದೆವು. ಅದೇ ಹೊತ್ತಿಗೆ ಟೆಸ್ಟ್ ಬಂತು. ಆಕ್ಸಿಲರೇಟರ್ ಒತ್ತಿದರೆ ಕರ್ರಗೆ ಹೊಗೆ. ಬಸ್ ಫೇಲ್.

ಆರೂ ನಾಝಲ್ ಬಿಚ್ಚಿ ಟೆಸ್ಟರಿಗೆ ಹಾಕಿ ಲಿವರ್ ಒತ್ತಿದೆ. (ಅದರ ಮುಂದೆ ಕೈ ಒಡ್ಡಬೇಡಿ, ಡೀಸೆಲ್ ಚರ್ಮದೊಳಕ್ಕೆ ನುಗ್ಗುತ್ತದೆ.) ಐದು ನಾಝಲ್ ಕಿರ್ ಅಂತ ಸದ್ದು ಮಾಡಿ ಮಂಜಿನ ಹಾಗೆ ಸಿಂಪಡಿಸಿದವು. ನಾಲ್ಕನೇ ಸಿಲಿಂಡರಿನದು ಸದ್ದಿಲ್ಲದೆ ತೊಟ್ಟಿಕ್ಕಿತು. ತುದಿಯಲ್ಲಿ ಕರಿ ಗಟ್ಟಿಯಾಗಿ ಮೆತ್ತಿಕೊಂಡಿತ್ತು. ಎರಡು ವಾರದಲ್ಲಿ ಮೆತ್ತುವಂಥದ್ದಲ್ಲ ಅದು. ಅಷ್ಟು ದಿನ ಆ ನಾಝಲ್‌ನ ಹೊಗೆಯನ್ನು ಬಿ20 ಮುಚ್ಚಿಟ್ಟಿತ್ತು. ನಾನು ಇಪ್ಪತ್ತು ವರ್ಷ ಹೊಗೆ ನೋಡಿಯೇ ಎಂಜಿನ್ ಕಾಯಿಲೆ ಹಿಡಿದವನು. ಇಂಧನ ಬದಲಾದಾಗ ನೋಡುವ ರೀತಿಯೂ ಬದಲಾಗಬೇಕಿತ್ತು.

ಈಗ ಬಿ20 ಹಾಕುವ ಮೊದಲು ಬರೀ ಡೀಸೆಲ್‌ನಲ್ಲೇ ರೀಡಿಂಗ್ ತೆಗೆದು ಒಂದು ಪುಸ್ತಕದಲ್ಲಿ ಬರೆದಿಡುತ್ತೇನೆ. ನಾಝಲ್, ಏರ್ ಫಿಲ್ಟರ್ ಸರಿಯಿದ್ದರೆ ಮಾತ್ರ ಮುಂದಿನ ಮಾತು. ಬಿ20 ಹಾಕಿದ ಮೇಲಿನ ಹೊಸ ರೀಡಿಂಗನ್ನು ಬಿ20ಯ ಹಳೇ ರೀಡಿಂಗಿಗೇ ಹೋಲಿಸುತ್ತೇನೆ, 65ಕ್ಕಲ್ಲ. ಹೊಸ ಹಂತದ ಬಿಎಸ್-6 ಬಸ್ಸಿಗೆ ಕಂಪನಿ ಒಪ್ಪಿದ್ದಕ್ಕಿಂತ ಒಂದು ಹನಿ ಜಾಸ್ತಿ ಸೇರಿಸುವುದಿಲ್ಲ. ಸೈಲೆನ್ಸರ್ ಕಡೆಯ ಫಿಲ್ಟರಿನಲ್ಲಿ ಕೂತ ಮಸಿ ಸುಡಲು ಸಿಲಿಂಡರಿಗೆ ಹೆಚ್ಚುವರಿ ಇಂಧನ ಬಿಡುವ ಎಂಜಿನ್‌ಗಳಲ್ಲಿ, ಬಯೋಡೀಸೆಲ್ ಆವಿಯಾಗದೆ ಎಂಜಿನ್ ಆಯಿಲ್‌ಗೆ ಇಳಿದು ಅದನ್ನು ತೆಳುವಾಗಿಸುತ್ತದೆ.

ನಾಝಲ್ ಬದಲಾಯಿಸಿದ ದಿನ ಆ ಡ್ರೈವರಣ್ಣನ ಹತ್ತಿರ ಹೋಗಿ, ನೀವು ಹೇಳಿದ್ದು ಸರಿ ಇತ್ತು, ತಪ್ಪು ನನ್ನದು ಅಂದೆ. ಪಿಕಪ್ ಬಗ್ಗೆ ಡ್ರೈವರ್‌ಗಳು ಹೇಳಿದ್ದನ್ನೂ ಅಂದಿನಿಂದ ತಾರೀಖು ಹಾಕಿ ಅದೇ ಪುಸ್ತಕದಲ್ಲಿ ಬರೆಯುತ್ತಿದ್ದೇನೆ.