ಶ್ಯಾಕ್ ಬಿಚ್ಚುವ ಹೊತ್ತು

ಮಳೆಗಾಲ ಹತ್ತಿರವಾದ್ದರಿಂದ ಇಂದು ಬೆಳಿಗ್ಗೆ ಗೋವಾದ ಕಲಂಗುಟ್ ಕಡಲತೀರದಲ್ಲಿ ಬಿದಿರು, ತೆಂಗಿನ ಗರಿಗಳ ಶ್ಯಾಕ್ ಒಂದನ್ನು, ಅಂದರೆ ಪ್ರವಾಸಿಗರು ಉಂಡು ಕುಡಿಯುವ ತಾತ್ಕಾಲಿಕ ಗುಡಿಸಲನ್ನು, ಬಿಚ್ಚುತ್ತಿದ್ದರು. ಗಳ ಹೊತ್ತವರ ಮಾತು ಅಪ್ಪಟ ಬಾಗಲಕೋಟೆಯದು.

"ತಮ್ಮಾ, ಚಪ್ಲಿ ಹಾಕ್ಕೊ, ಗಾಜ ಐತಿ" ಎಂದು ಹಿರಿಯರೊಬ್ಬರು ಹುಡುಗನನ್ನು ಎಚ್ಚರಿಸಿದರು. ಮರಳಿನಲ್ಲಿ ಅರ್ಧ ಹೂತಿದ್ದ ಬಿಯರ್ ಬಾಟಲಿಯ ಕತ್ತು ಮುರಿದಿತ್ತು. ಅದರ ಅಂಚು, ಮೀನಿನ ಹಲ್ಲಿನಂತೆ ಸಣ್ಣಗೆ, ಮೇಲಕ್ಕೆ ಚಾಚಿತ್ತು.

ಕಡಲತೀರದಲ್ಲಿ ಬಯಲಿನಲ್ಲಿ ಕುಡಿಯುವುದನ್ನೂ ಬಾಟಲಿ ಒಡೆಯುವುದನ್ನೂ ಗೋವಾ ಸರ್ಕಾರ 2019ರಲ್ಲಿಯೇ ಕಾನೂನು ತಿದ್ದಿ ದಂಡಾರ್ಹಗೊಳಿಸಿದೆ. ಆದರೂ ಕುಡಿದವರು ವಿಮಾನ ಹತ್ತಿದ ಮೇಲೆ ಚೂರು ಹೆಕ್ಕುವ ಕೆಲಸ ಉಳಿಯುವುದು ಇಂಥವರ ಪಾಲಿಗೆ.

ಹಾಗೆಂದು ಪ್ರವಾಸೋದ್ಯಮವನ್ನು ಬೈದುಬಿಡುವುದು ನನಗೆ ಸುಲಭವಲ್ಲ, ಏಕೆಂದರೆ ಅಕ್ಟೋಬರಿನಿಂದ ಮೇವರೆಗೆ ಇವರ ಮನೆಯ ಒಲೆ ಉರಿಯುವುದೂ, ಹೇಳಿಬಿಡುತ್ತೇನೆ, ವಾಸ್ಕೋದಲ್ಲಿ ನಾನು ಬಾಡಿಗೆ ಕಟ್ಟುವುದೂ ಅದೇ ದುಡ್ಡಿನಿಂದ. ಆ ದುಡ್ಡು ಬಂದಲ್ಲೆಲ್ಲ ಬಾಡಿಗೆಯೂ ಏರುತ್ತದೆ, ಬಾವಿಯ ನೀರೂ ಇಳಿಯುತ್ತದೆ. ಅದು ಬೇರೆಯೇ ಕಥೆ.

ಊರಿಗೆ ಯಾವಾಗ ಎಂದು ಆ ಹಿರಿಯರನ್ನು ಕೇಳಿದೆ. "ಬಿತ್ತಗೀಗೆ ಹೋಗ್ತೀವ್ರಿ, ಮಳಿ ಮುಗದ ಮ್ಯಾಲ ಮತ್ತ ಇಲ್ಲೇ" ಎಂದರು. ವಸೂಲಾದ ದಂಡದ ಹಣದಲ್ಲಿ ಇವರಿಗೆ ಒಂದೊಂದು ಜೊತೆ ದಪ್ಪ ಬೂಟು ಕೊಡಿಸಲು ಸರ್ಕಾರಕ್ಕೆ ಏನು ಅಡ್ಡಿಯೋ, ನನಗಂತೂ ತಿಳಿಯದು.