ಮೈನಸ್ ಎರಡು ದಿನದ ಕೂಸು

"ಒಂದು ತಿಂಗಳು, ಮೈನಸ್ ಎರಡು ದಿನ. ಹಾಗಂದ್ರೇನು ಸರ್?"

ಸೋಮವಾರ ನಮ್ಮ ಟೆಸ್ಟರ್ ಕೇಳಿದ ಪ್ರಶ್ನೆ. ಇವತ್ತು ಶುಕ್ರವಾರ, ಇನ್ನೂ ತಲೆಯಿಂದ ಇಳಿದಿಲ್ಲ.

ನಾವು ಕಟ್ಟುತ್ತಿರುವ ಸ್ಪ್ರೆಡ್‌ಶೀಟ್‌ಗೆ ಎರಡು ದಿನಾಂಕಗಳ ನಡುವಿನ ಅಂತರ ಹೇಳುವ ಡೇಟ್‌ಡಿಫ್ ಫಂಕ್ಷನ್ ಬರೆಯುವ ಕೆಲಸ ನನ್ನ ಪಾಲಿಗೆ ಬಂದಿತ್ತು. ಅರ್ಧ ದಿನದ ಕೆಲಸ ಅಂದುಕೊಂಡಿದ್ದೆ. ಶೀಟಿನೊಳಗೆ ದಿನಾಂಕವೆಂದರೆ ಬರೀ ಒಂದು ಸಂಖ್ಯೆ. ಒಂದರಲ್ಲಿ ಇನ್ನೊಂದನ್ನು ಕಳೆದರೆ ದಿನಗಳ ಲೆಕ್ಕ ಮುಗಿಯಿತು. ವರ್ಷ, ತಿಂಗಳೂ ಸಲೀಸಾಗಿಯೇ ಹೋದವು. ಸಿಕ್ಕಿಬಿದ್ದಿದ್ದು 'ಎಂಡಿ'ಯಲ್ಲಿ, ಅಂದರೆ ಪೂರ್ತಿ ತಿಂಗಳುಗಳನ್ನು ಬಿಟ್ಟು ಮಿಕ್ಕ ದಿನ.

ಟೆಸ್ಟರ್ ತಮ್ಮ ಮಗ ಹುಟ್ಟಿದ ದಿನ ಹಾಕಿ ನೋಡಿದ್ದಾರೆ: 2023ರ ಜನವರಿ 31. ಎದುರಿಗೆ ಅದೇ ವರ್ಷದ ಮಾರ್ಚ್ 1. ಜನವರಿ 31ಕ್ಕೆ ಒಂದು ತಿಂಗಳು ಕೂಡಿಸಿದರೆ ಫೆಬ್ರುವರಿ 31. ಅಂಥ ದಿನವೇ ಇಲ್ಲವಾದ್ದರಿಂದ ಅದು ಉಕ್ಕಿ ಮಾರ್ಚ್ 3ಕ್ಕೆ ಹೋಗಿ ಬೀಳುತ್ತದೆ. ಮಾರ್ಚ್ 1 ಅದಕ್ಕಿಂತ ಎರಡು ದಿನ ಹಿಂದೆ. ಆದ್ದರಿಂದ ಮೈನಸ್ ಎರಡು. ಇಷ್ಟನ್ನು ವಿವರಿಸಿದೆ. ಅವರು ನನ್ನ ಮುಖವನ್ನೇ ನೋಡುತ್ತಿದ್ದರು.

ನಮ್ಮ ಸೀನಿಯರ್ ಕೇಳಿದ್ದು ಒಂದೇ: "ಎಕ್ಸೆಲ್ ಏನು ಕೊಡುತ್ತೆ?"

"ಅದೂ ಮೈನಸ್ ಎರಡೇ."

"ಹಾಗಾದ್ರೆ ಸರಿ ಇದೆ, ಬಿಡು."

ಬುದ್ಧಿವಂತ ಮನುಷ್ಯ, ಆದರೆ ಉತ್ತರ ಸರಿಯೋ ಎಂದು ಯೋಚಿಸಿದ್ದನ್ನು ನಾನಂತೂ ಕಂಡಿಲ್ಲ. ಹೊಂದುತ್ತದೋ ಇಲ್ಲವೋ, ಅಷ್ಟೇ. ಅವರದು ತಪ್ಪು ಅನ್ನುವಂತೆಯೂ ಇಲ್ಲ. ಎಕ್ಸೆಲ್ ಈ ಫಂಕ್ಷನ್ನನ್ನು ಉಳಿಸಿಕೊಂಡಿರುವುದೇ ಅದಕ್ಕೂ ಹಿಂದಿನ ಸ್ಪ್ರೆಡ್‌ಶೀಟ್ ಪ್ರೋಗ್ರಾಂ ಆದ ಲೋಟಸ್ 1-2-3ರ ಹಳೆಯ ಶೀಟುಗಳಿಗಾಗಿ. 'ಎಂಡಿ' ಬಳಸಬೇಡಿ, ಉತ್ತರ ತಪ್ಪಬಹುದು ಅಂತ ಮೈಕ್ರೋಸಾಫ್ಟ್‌ನ ಸಹಾಯ ಪುಟವೇ ಹೇಳುತ್ತದೆ. 1900 ಅಧಿಕ ವರ್ಷವಲ್ಲ, ಆದರೂ ಲೋಟಸ್ ಹಾಗೆಂದುಕೊಂಡಿತು ಅಂತ ಎಕ್ಸೆಲ್ ಕೂಡ ಹಾಗೇ ಅಂದುಕೊಂಡಿತು. ಎಂದೂ ಇರದಿದ್ದ ಆ ಫೆಬ್ರುವರಿ 29 ಇವತ್ತಿಗೂ ಅಲ್ಲಿ, 1900ರ ಜನವರಿ 1ನ್ನು ಒಂದು ಅಂತ ಎಣಿಸುವ ಲೆಕ್ಕದಲ್ಲಿ, 60ನೇ ಸಂಖ್ಯೆಯಾಗಿ ಕೂತಿದೆ. ಈಗ ಇಂಥ ಹಳೇ ತಪ್ಪುಗಳನ್ನು ಹೊರುವ ಸರದಿ ನನ್ನದು.

ಮನಸ್ಸು ಒಪ್ಪಲಿಲ್ಲ. ರಾತ್ರಿ ಕೂತು ಬದಲಿಸಿದೆ: ಫೆಬ್ರುವರಿ 31 ಬಂದರೆ 28ಕ್ಕೇ ನಿಲ್ಲಿಸು. ಒಂದು ತಿಂಗಳು, ಒಂದು ದಿನ. ಬೆಳಿಗ್ಗೆ ಬೀಗುತ್ತಾ ತೋರಿಸಿದೆ. ಆಕೆ ಸುಮ್ಮನೆ ಜನವರಿ 30 ಹಾಕಿದರು. ಆಮೇಲೆ 29, ಆಮೇಲೆ 28. ಎಲ್ಲಕ್ಕೂ ಒಂದು ತಿಂಗಳು, ಒಂದು ದಿನ.

"ನಾಲ್ಕು ಬೇರೆ ಬೇರೆ ದಿನ ಹುಟ್ಟಿದವರಿಗೂ ಒಂದೇ ವಯಸ್ಸಾ ಸರ್?"

ತಿಂಗಳು ಅನ್ನೋದೇ ಹಾಗೆ, 28ಕ್ಕೂ 31ಕ್ಕೂ ಒಂದೇ ಹೆಸರು ಇಟ್ಟುಕೊಂಡು ಕೂತಿದೆ ಅಂತ ಗೊಣಗಿದೆ. ಸಂಬಳ, ಬಾಡಿಗೆ ಎಲ್ಲ ಅದರ ಮೇಲೇ ನಡೆಯುತ್ತವೆ, ಯಾರೂ ಜಗಳಕ್ಕೆ ಬರುವುದಿಲ್ಲ. ಜಗಳ ಶುರುವಾಗುವುದು ಅದನ್ನು ಯಂತ್ರಕ್ಕೆ ಹೇಳಿಕೊಡಲು ಹೋದಾಗ.

"ಅವತ್ತಿಗೆ ಅವನಿಗೆ 29 ದಿನ ಸರ್," ಅಂದರು ಆಕೆ. "ದಿನಾ ಎಣಿಸ್ತಿದ್ದೆನಲ್ಲ."

ಮೈನಸ್ ಎರಡನ್ನೇ ವಾಪಸ್ ಹಾಕಿ ಕೋಡ್ ಒಪ್ಪಿಸಿದ್ದೇನೆ. ಈ ದೋಷದ ಬಗ್ಗೆ ತೆರೆದ ಟಿಕೆಟನ್ನು ಆಕೆ ಇನ್ನೂ ಮುಚ್ಚಿಲ್ಲ.