ಬೆರಳು ಕಂಡ ಕುರ್ಚಿ

ಶಿವಮೊಗ್ಗದಿಂದ ರಾತ್ರಿಯ ರೈಲು ಹತ್ತಿದಾಗ ನನಗೆ ಬೇಕಾಗಿದ್ದದ್ದು ಒಂದೇ, ಜಗಲಿಗೆ ಬೆತ್ತ ಹೆಣೆದ ಹಳೆಯ ಕುರ್ಚಿ. ಅಜ್ಜನ ಕುರ್ಚಿ ಪಾಲಿನಲ್ಲಿ ಚಿಕ್ಕಪ್ಪನ ಮನೆಗೆ ಹೋದ ಮೇಲೆ ನಮ್ಮ ಜಗಲಿ ಬಿಕೋ ಎನ್ನುತ್ತಿತ್ತು.

ಬೆಂಗಳೂರಿನಲ್ಲಿ ಮೊದಲ ದಿನವೇ ಮೋಸ ಹೋದೆ. ಗಾಜಿನ ಬಾಗಿಲಿನ ದೊಡ್ಡ ಅಂಗಡಿ, ‘ನೂರು ವರ್ಷದ ತೇಗ’ ಎಂಬ ಮಾತು, 11,000 ರೂಪಾಯಿ. ತಂಗಿಯ ಮನೆಗೆ ತಂದು ಕುಳಿತ ಸಂಜೆಯೇ ಆಸನದ ಒಂದು ಬದಿ ಕಿತ್ತು ಬಂತು.

ಮರುದಿನ ಭಾನುವಾರ. ಮೆಜೆಸ್ಟಿಕ್‌ನಿಂದ ಮೆಟ್ರೊದಲ್ಲಿ ಒಂದೇ ನಿಲ್ದಾಣ, ಚಿಕ್ಕಪೇಟೆ. ಮುಚ್ಚಿದ ಅಂಗಡಿಗಳ ಮುಂದೆ ನೆಲದ ಮೇಲೆಯೇ ಸಂಡೇ ಬಜಾರ್ ಹರಡಿತ್ತು. ಎನಾಮಲ್ ತಟ್ಟೆಗಳು, ಬೀಗವಿಲ್ಲದ ಕೀಲಿಗಳು, ಚುಕ್ಕಿ ಚುಕ್ಕಿಯಾಗಿ ಯಾರದೋ ಹೆಸರು ಕೊರೆದ ಹಿತ್ತಾಳೆಯ ಚೊಂಬುಗಳು. ಫಳಫಳ ಹೊಳೆಯುವ ಹೊಸ ಕಹಳೆ ಜೋಡಿಸಿದ ಗ್ರಾಮಫೋನುಗಳ ಕಡೆ ನಾನು ತಿರುಗಿಯೂ ನೋಡಲಿಲ್ಲ. ಅವು ಹಾಡುವುದಕ್ಕಲ್ಲ, ಹೋಟೆಲುಗಳ ಮೂಲೆ ತುಂಬುವುದಕ್ಕೆ. ಒಂದು ಪಾವು ಕೊಂಡೆ. ಚೊಂಬು ಮಾರುತ್ತಿದ್ದವನೇ ಶಿವಾಜಿನಗರದಲ್ಲಿ ಕುರ್ಚಿ ಹೆಣೆಯುವ ಹಿರಿಯರೊಬ್ಬರಿದ್ದಾರೆ ಎಂದು ದಾರಿ ಹೇಳಿದ.

ಸೋಮವಾರ ಕುರ್ಚಿಯನ್ನು ಆಟೊದಲ್ಲಿ ಹಾಕಿಕೊಂಡು ರಸೆಲ್ ಮಾರುಕಟ್ಟೆ ದಾಟಿ ಗುಜರಿ ಅಂಗಡಿಗಳ ಗಲ್ಲಿಗೆ ಹೋದೆ. ಎಪ್ಪತ್ತರ ಆಸುಪಾಸಿನ ಅವರಿಗೆ ಹುಟ್ಟಿನಿಂದಲೂ ಕಣ್ಣು ಕಾಣುತ್ತಿರಲಿಲ್ಲ. ಕುರ್ಚಿಯನ್ನು ಮಗುಚಿ ಹಾಕಿ, ಆಸನದ ಅಡಿಯ ಅಂಚಿನುದ್ದಕ್ಕೂ ಬೆರಳಾಡಿಸಿದರು.

“ತೂತುಗಳೇ ಇಲ್ಲವಲ್ಲ, ತಾಯಿ.”

“ತೂತು ಏಕೆ ಬೇಕು, ಯಜಮಾನರೇ?”

“ಕೈಯಲ್ಲಿ ಹೆಣೆದದ್ದಾದರೆ ಒಂದೊಂದು ಎಳೆಯೂ ತೂತಿನಲ್ಲಿ ಇಳಿದು ಏಳಬೇಕು. ಇದು ಯಂತ್ರದಲ್ಲಿ ನೇಯ್ದ ಹಾಳೆ. ಮರದಲ್ಲಿ ಕೊರೆದ ಗೀರಿನೊಳಗೆ ಕೂರಿಸಿ ಅಂಟು ಹಾಕಿದ್ದಾರೆ.” ನನ್ನ ಬೆರಳು ಹಿಡಿದು ಒಂದು ತಿರುಪಿನ ಮೇಲಿಟ್ಟರು. “ತಲೆಯ ಮೇಲೆ ಏನಿದೆ? ಒಂದು ಗೆರೆಯೋ, ನಕ್ಷತ್ರವೋ?”

ನಕ್ಷತ್ರ. ಅಂತಹ ತಿರುಪು ಬಳಕೆಗೆ ಬಂದದ್ದೇ 1930ರ ದಶಕದಲ್ಲಿ, ಅದೂ ಅಮೆರಿಕದಲ್ಲಿ. ಮಾರಿದವನು ಹೇಳಿದ ನೂರು ವರ್ಷ ಅಲ್ಲಿಗೆ ಮುಗಿಯಿತು. ಸಂಜೆ ಅಂಗಡಿಗೆ ಹೋದರೆ ಹಣವೂ ಇಲ್ಲ, ಮರ್ಯಾದೆಯ ಮಾತೂ ಇಲ್ಲ. ಆ ಉರಿ ಇನ್ನೂ ಆರಿಲ್ಲ, ಅದಕ್ಕೇ ಹೇಳುತ್ತಿದ್ದೇನೆ: ಹಣ ಕೊಡುವ ಮುನ್ನ ಕುರ್ಚಿಯನ್ನು ತಲೆಕೆಳಗು ಮಾಡಿ ನೋಡಿ. ತಿರುಪು ನೋಡಿ, ತೂತು ನೋಡಿ. ಕಾಲಿನ ಬಳಿ ಹಿಟ್ಟಿನಂತಹ ಮರದ ಪುಡಿ ಉದುರಿದ್ದರೆ ಹುಳು ಇನ್ನೂ ಒಳಗಿದೆ ಎಂದರ್ಥ. ನೂರು ವರ್ಷದ್ದು ಎಂದು ಬಾಯಲ್ಲಿ ಹೇಳಿದ್ದನ್ನು ರಸೀದಿಯಲ್ಲಿ ಬರೆದುಕೊಡಲು ಕೇಳಿ, ನಾನು ಕೇಳಲಿಲ್ಲ.

ಹಿರಿಯರ ಬಳಿಯೇ ಒಂದು ಕುರ್ಚಿ ಇತ್ತು. ಬೆನ್ನಿಗೆ ಬಿಳಿ ಬಣ್ಣದಲ್ಲಿ ಅಂಕಿ, ಯಾವುದೋ ಕಚೇರಿಯ ಹರಾಜಿನಿಂದ ಬಂದದ್ದು. ಆಸನವಿರಲಿಲ್ಲ, ಸುತ್ತ 76 ತೂತುಗಳು ಮಾತ್ರ. ಅದನ್ನೇ ಹೆಣೆದುಕೊಡಿ ಎಂದೆ. ಲಾಲ್‌ಬಾಗ್, ನೆಂಟರ ಮನೆ ಎಲ್ಲ ಬಿಟ್ಟು ಎರಡು ದಿನ ಅವರ ಅಂಗಡಿಯ ಮೆಟ್ಟಿಲ ಮೇಲೆ ಕುಳಿತೆ.

ನೀರಿನಲ್ಲಿ ನೆನೆದ ಬೆತ್ತದ ಎಳೆಯನ್ನು ಹೆಬ್ಬೆರಳಿನಿಂದ ಒಮ್ಮೆ ಸವರುತ್ತಾರೆ. ನುಣುಪಾದ ಮೈ ಮೇಲೆ ಬರಬೇಕು. ಉದ್ದಕ್ಕೆ ಒಂದು ಸುತ್ತು, ಅಡ್ಡಕ್ಕೆ ಒಂದು, ಮತ್ತೆ ಉದ್ದಕ್ಕೆ, ಮತ್ತೆ ಅಡ್ಡಕ್ಕೆ ಹೆಣೆಯುತ್ತ. ಎಳೆ ಸಡಿಲವಾಗದಂತೆ ತೂತಿಗೆ ಪುಟ್ಟ ಮರದ ಬೆಣೆ. ಆಮೇಲೆ ಓರೆಯಾಗಿ ಎರಡು ಕಡೆಯಿಂದ. ಆಗ ನೋಡನೋಡುತ್ತಿದ್ದಂತೆ ಚೌಕದ ಕಣ್ಣುಗಳು ಎಂಟು ಮೂಲೆಯವಾಗುತ್ತವೆ. ಆ ಘಳಿಗೆಯಲ್ಲಿ ನಾನು ಉಸಿರು ಬಿಗಿಹಿಡಿದಿದ್ದೆ.

ಸರ್ಕಾರಿ ಕಚೇರಿಯಲ್ಲಿ ಕುರ್ಚಿ ಹೆಣೆಯುವ ಹುದ್ದೆಯಲ್ಲೇ ಇದ್ದು ನಿವೃತ್ತರಾದವರು ಅವರು. ದೇಶದ ಎಷ್ಟೋ ಕಚೇರಿಗಳಲ್ಲಿ ಈ ಕೆಲಸ ಕಣ್ಣು ಕಾಣದವರಿಗೆಂದೇ ಇತ್ತಂತೆ. ಆಮೇಲೆ ಪ್ಲಾಸ್ಟಿಕ್ ಕುರ್ಚಿ, ಸ್ಪಂಜಿನ ಕುರ್ಚಿ ಬಂದವು. ತಾಲ್ಲೂಕು ಕಚೇರಿಯಲ್ಲಿ ಅಪ್ಪನ ಪಕ್ಕ ಅಂತಹ ಬೆತ್ತದ ಕುರ್ಚಿಯ ಕಣ್ಣುಗಳಲ್ಲಿ ಬೆರಳು ತೂರಿಸುತ್ತ ಎಷ್ಟು ಮಧ್ಯಾಹ್ನ ಕಳೆದಿದ್ದೇನೆ! ಅದನ್ನು ಹೆಣೆದ ಕೈ ಯಾರದೆಂದು ಒಮ್ಮೆಯೂ ಕೇಳಿದವಳಲ್ಲ.

“ಜೋಲು ಬಿದ್ದರೆ ಅಡಿಯಿಂದ ಬಿಸಿನೀರು ಸವರಿ ನೆರಳಿನಲ್ಲಿ ಒಣಗಿಸಿ, ಬಿಗಿಯಾಗುತ್ತದೆ” ಎಂದರು. ಬುಧವಾರ ಸಂಜೆ ಕೆಲಸ ಮುಗಿಯಿತು. ಹಣ ತೆಗೆದೆ. ಅವರು ತೆಗೆದುಕೊಳ್ಳಲಿಲ್ಲ.

“ಮೊದಲು ಕೂತುಕೊಳ್ಳಿ.”

ಕುಳಿತೆ. ಹೊಸ ಬೆತ್ತ ಕಿರುಗುಟ್ಟಿತು. ತಲೆ ವಾಲಿಸಿ ಕೇಳಿಸಿಕೊಂಡು, ಏಳಿ ಎಂದರು; ಮತ್ತೆ ಕೂರಿಸಿದರು.

“ಎಡಗಡೆಯ ಮೂಲೆ ಸರಿಯಾಗಿ ಮಾತಾಡುತ್ತಿಲ್ಲ” ಎಂದು ಆ ಮೂಲೆಯ ಅಂಚಿನ ಕಟ್ಟು ಬಿಚ್ಚಿ, ಎಳೆಗಳನ್ನು ಮತ್ತೆ ನೀರಿಗೆ ಹಾಕಿದರು. ಆ ರಾತ್ರಿಯ ರೈಲಿನ ಟಿಕೆಟ್ ನನ್ನ ಚೀಲದಲ್ಲೇ ಉಳಿಯಿತು. ಮೆಟ್ಟಿಲ ಮೇಲೆ ಮತ್ತೆ ಕುಳಿತುಕೊಂಡೆ.